ಯುದ್ಧ ಬೇಡವೆಂದ ಸರ್ಕಾರ, ರಣರಂಗದಲ್ಲೇ ಉಳಿದ ಸೈನಿಕರು: ಓದುಗರ ಪ್ರಶ್ನೆಗಳಿಗೆ ಉತ್ತರ

2003ರ ಇರಾಕ್ ಯುದ್ಧಕ್ಕೆ ಸೇರುವುದಿಲ್ಲ ಎಂದ ಕೆನಡಾ ಸರ್ಕಾರ, ಮಿತ್ರರಾಷ್ಟ್ರಗಳ ಪಡೆಗಳಲ್ಲಿ ವಿನಿಮಯದ ಮೇಲಿದ್ದ ತನ್ನ ಸೈನಿಕರನ್ನು ಮಾತ್ರ ವಾಪಸು ಕರೆಸಲಿಲ್ಲ. ಈ ಕುರಿತು ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದೆ.

ಪ್ರಶ್ನೆ: ಕೆನಡಾ ಇರಾಕ್ ಯುದ್ಧಕ್ಕೆ ಹೋಗಲೇ ಇಲ್ಲ ಎಂದು ಓದಿದ್ದೇವೆ. ಅದರ ಸೈನಿಕರು ಅಲ್ಲಿದ್ದರು ಎಂದೂ ಓದುತ್ತೇವೆ. ಯಾವುದು ನಿಜ?

ಎರಡೂ ನಿಜ. ಪ್ರಧಾನಿ ಜಾನ್ ಕ್ರೆಟಿಯೆನ್ 2003ರ ಮಾರ್ಚ್ 17ರಂದು ಹೌಸ್ ಆಫ್ ಕಾಮನ್ಸ್‌ನಲ್ಲಿ ಎದ್ದು ನಿಂತು, ಭದ್ರತಾ ಮಂಡಳಿಯ ಹೊಸ ನಿರ್ಣಯವಿಲ್ಲದೆ ನಡೆಯುವ ಸೈನಿಕ ಕಾರ್ಯಾಚರಣೆಗೆ ಕೆನಡಾ ಸೇರುವುದಿಲ್ಲ ಎಂದರು. 2002ರ ನವೆಂಬರ್‌ನ 1441ನೇ ನಿರ್ಣಯ ಇರಾಕ್‌ಗೆ ಕೊನೆಯ ಎಚ್ಚರಿಕೆ ಕೊಟ್ಟಿತ್ತು. ಯುದ್ಧಕ್ಕೆ ಅಷ್ಟು ಸಾಲದು ಎಂಬುದು ಒಟ್ಟಾವದ, ಅಂದರೆ ಕೆನಡಾ ಸರ್ಕಾರದ, ನಿಲುವು. ಮೂರೇ ದಿನದಲ್ಲಿ ಯುದ್ಧ ಶುರುವಾಯಿತು.

ಆ ಹೊತ್ತಿಗೆ ಅಮೆರಿಕ, ಬ್ರಿಟನ್ ಮುಂತಾದ ಮಿತ್ರರ ಪಡೆಗಳಲ್ಲಿ ವಿನಿಮಯದ ಮೇಲೆ ಕೆಲಸ ಮಾಡುತ್ತಿದ್ದ ಸುಮಾರು 30 ಮಂದಿ ಕೆನಡಾದವರು ಕೊಲ್ಲಿ ಪ್ರದೇಶದಲ್ಲಿದ್ದರು. ಯಾರೂ ಅವರನ್ನು ಇರಾಕ್ ಯುದ್ಧಕ್ಕೆಂದು ಕಳಿಸಿದ್ದಲ್ಲ. ಅವರು ಸೇರಿಕೊಂಡಿದ್ದ ಘಟಕಗಳು ಯುದ್ಧಕ್ಕೆ ಹೊರಟವು, ಜೊತೆಗೆ ಇವರೂ ಹೊರಟರು. ಸರ್ಕಾರ ಇದನ್ನು ಮುಚ್ಚಿಡಲಿಲ್ಲ, ಸದನದಲ್ಲಿ ಒಪ್ಪಿಕೊಂಡಿತು. ಜಗಳವೆದ್ದದ್ದು ಇದ್ದಾರೋ ಇಲ್ಲವೋ ಎಂಬುದಕ್ಕಲ್ಲ, ಇರಬೇಕೋ ಬೇಡವೋ ಎಂಬುದಕ್ಕೆ.

ಪ್ರಶ್ನೆ: ವಿನಿಮಯ ಎಂದರೆ ತರಬೇತಿಗೆ ಹೋಗುವುದಲ್ಲವೇ? ಸಂಬಳ ಯಾರದು, ಆಜ್ಞೆ ಯಾರದು?

ತರಬೇತಿ ಬೇರೆ, ವಿನಿಮಯ ಬೇರೆ. ತರಬೇತಿಗೆ ಹೋದವನು ವಿದ್ಯಾರ್ಥಿ. ಅವನು ಎದ್ದು ಬಂದರೆ ತರಗತಿಯಲ್ಲಿ ಒಂದು ಕುರ್ಚಿ ಖಾಲಿಯಾಗುತ್ತದೆ, ಅಷ್ಟೇ. ವಿನಿಮಯಕ್ಕೆ ಹೋದವನು ಆತಿಥೇಯ ಘಟಕದ ಮಂಜೂರಾದ ಹುದ್ದೆಯೊಂದರಲ್ಲಿ ಕೂರುತ್ತಾನೆ. ಅವನಿಗೆ ಬದಲಾಗಿ ಆ ದೇಶದ ಅಧಿಕಾರಿಯೊಬ್ಬ ಇವನ ದೇಶಕ್ಕೆ ಬರುತ್ತಾನೆ. ಸಾಮಾನ್ಯವಾಗಿ ಎರಡರಿಂದ ಮೂರು ವರ್ಷದ ಅವಧಿ. ಇಬ್ಬರ ದರ್ಜೆ, ಪರಿಣತಿ ಹೆಚ್ಚುಕಡಿಮೆ ಸಮನಾಗಿರಬೇಕು.

ಸಂಬಳ, ಭತ್ಯೆ, ಹುದ್ದೆಗೆ ಹೋಗಿಬರುವ ಖರ್ಚು ತಾಯ್ನಾಡಿನದು. ಕೆಲಸದ ಮೇಲೆ ಎಲ್ಲಿಗಾದರೂ ಕಳಿಸಿದರೆ ಆ ಖರ್ಚು ಆತಿಥೇಯರದು. ಸಮವಸ್ತ್ರ ತನ್ನದೇ ದೇಶದ್ದು. ದಿನನಿತ್ಯದ ಕೆಲಸದ ಆಜ್ಞೆ ಕೊಡುವವನು ಆತಿಥೇಯ ಕಮಾಂಡರ್. ಶಿಸ್ತುಕ್ರಮದ ಅಧಿಕಾರ ಮಾತ್ರ ಅವನಿಗಿಲ್ಲ. ಕೆನಡಾದ ರಾಷ್ಟ್ರೀಯ ರಕ್ಷಣಾ ಕಾಯ್ದೆಯಡಿಯ ಶಿಸ್ತು ಸಂಹಿತೆ ಅದರ ಸೈನಿಕ ಜಗತ್ತಿನ ಯಾವ ಮೂಲೆಗೆ ಹೋದರೂ ಬೆನ್ನಿಗೇ ಹೋಗುತ್ತದೆ.

ನ್ಯಾಟೊ ಪರಿಭಾಷೆಯಲ್ಲಿ 'ಪೂರ್ಣ ಕಮಾಂಡ್' ಎಂಬುದು ಯಾವಾಗಲೂ ತಾಯ್ನಾಡಿನ ಬಳಿಯೇ ಉಳಿಯುತ್ತದೆ, ಯಾರಿಗೂ ಬಿಟ್ಟುಕೊಡುವಂಥದ್ದಲ್ಲ. ಬಿಟ್ಟುಕೊಡುವುದು ಕಾರ್ಯಾಚರಣೆಯ ಕಮಾಂಡ್, ಕಾರ್ಯಾಚರಣೆಯ ನಿಯಂತ್ರಣ ಎಂಬ ಕೆಳಗಿನ ಹಂತಗಳನ್ನು. ಅಂದರೆ 'ಅವರು ಈಗ ಅಮೆರಿಕದ ಕೈಕೆಳಗಿದ್ದಾರೆ, ನಾವೇನೂ ಮಾಡುವಂತಿಲ್ಲ' ಎಂದು ಯಾವ ಮಂತ್ರಿಯಾದರೂ ಹೇಳಿದರೆ ನಂಬಬೇಡಿ. ಮಾಡಬಹುದು. ಮಾಡದಿರುವುದೂ ಒಂದು ತೀರ್ಮಾನವೇ.

ಸಂಪರ್ಕಾಧಿಕಾರಿ ಮೂರನೆಯ ಬಗೆಯವನು. ಅವನು ತನ್ನ ದೇಶದ ಪ್ರತಿನಿಧಿ, ಆತಿಥೇಯರ ಕೆಲಸ ಮಾಡುವುದಿಲ್ಲ. ಪತ್ರಿಕೆಗಳು ಈ ಮೂವರನ್ನೂ ಒಂದೇ ಬುಟ್ಟಿಗೆ ಹಾಕುವುದರಿಂದ ಅರ್ಧ ಗೊಂದಲ ಹುಟ್ಟುತ್ತದೆ.

ಪ್ರಶ್ನೆ: ಬರೀ 30 ಜನ. ಒಂದು ಫೋನ್ ಕರೆಯಲ್ಲಿ ವಾಪಸು ಕರೆಸಿದ್ದರೆ ರಗಳೆಯೇ ಇರುತ್ತಿರಲಿಲ್ಲವಲ್ಲ?

ವಿರೋಧ ಪಕ್ಷಗಳಾದ ಬ್ಲಾಕ್ ಕ್ವೆಬೆಕ್ವಾ ಮತ್ತು ನ್ಯೂ ಡೆಮಾಕ್ರಟಿಕ್ ಪಾರ್ಟಿ ಕೇಳಿದ್ದೂ ಇದನ್ನೇ. ಕ್ರೆಟಿಯೆನ್ ಮತ್ತು ರಕ್ಷಣಾ ಮಂತ್ರಿ ಜಾನ್ ಮೆಕಾಲಮ್ ಕೊಟ್ಟ ಉತ್ತರದ ತಿರುಳು ಇಷ್ಟು: ಈ ಬದ್ಧತೆ ಯುದ್ಧಕ್ಕೆ ಮೊದಲಿನದು. ಕಷ್ಟದ ಹೊತ್ತಿನಲ್ಲಿ ಕೈಬಿಟ್ಟು ಬರುವುದು ಮಿತ್ರರಿಗೆ ಮಾಡುವ ದ್ರೋಹ. ಅವರು ನೇರ ಕಾದಾಟದಲ್ಲಿಲ್ಲ.

ಮೊದಲೆರಡು ವಾದಗಳಲ್ಲಿ ಹುರುಳಿದೆ. ಆಕಾಶದಿಂದ ರಾಡಾರ್ ಕಣ್ಗಾವಲು ನಡೆಸುವ ಅವಾಕ್ಸ್ ವಿಮಾನವನ್ನೇ ತೆಗೆದುಕೊಳ್ಳಿ. ನ್ಯಾಟೊದ ಇ-3ಎ ವಿಮಾನದಲ್ಲಿ ಸುಮಾರು 16 ಮಂದಿ ಹೋಗುತ್ತಾರೆ: ಮುಂದೆ ವಿಮಾನ ನಡೆಸುವವರು, ಹಿಂದೆ ರಾಡಾರ್ ಪರದೆಗಳ ಮುಂದೆ ಕಣ್ಗಾವಲಿನವರು, ಯುದ್ಧವಿಮಾನಗಳಿಗೆ ದಾರಿ ತೋರುವ ನಿಯಂತ್ರಕರು. ಪ್ರತಿ ಆಸನಕ್ಕೂ ಬೇರೆ ಪ್ರಮಾಣಪತ್ರ. ತಿಂಗಳುಗಟ್ಟಲೆ ಒಟ್ಟಿಗೆ ಹಾರಿ ಪಳಗಿದ ತಂಡದಿಂದ ನಿಯಂತ್ರಕನೊಬ್ಬನನ್ನು ಹೊರಡುವ ಮುನ್ನಾದಿನ ಕಿತ್ತರೆ, ಬದಲಿ ವ್ಯಕ್ತಿ ಸಿಗುವವರೆಗೆ ಆ ತಂಡ ಪೂರ್ತಿ ಕೆಲಸಕ್ಕೆ ಸಿಗುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಆಮೇಲಿನದು. ಯುದ್ಧ ಬಂದರೆ ಎದ್ದು ಹೋಗುವವನು ಎಂದು ಒಮ್ಮೆ ಹೆಸರಾದರೆ, ಮುಂದಿನ ಬಾರಿ ಅವನಿಗೆ ಯಾರೂ ಮುಖ್ಯ ಆಸನ ಕೊಡುವುದಿಲ್ಲ. ಮೂಲೆಯ ಮೇಜೊಂದು ಸಿಗುತ್ತದೆ. ಸಣ್ಣ ಸೇನೆಯಿರುವ ಕೆನಡಾದಂಥ ದೇಶಕ್ಕೆ ದೊಡ್ಡ ಪಡೆಗಳನ್ನು ನಡೆಸುವ ಅನುಭವ ಸಿಗುವುದೇ ಈ ವಿನಿಮಯದಿಂದ.

ಆದರೆ ಇವೆಲ್ಲ ಹಠಾತ್ತಾಗಿ ಕಿತ್ತುಕೊಳ್ಳುವುದರ ವಿರುದ್ಧದ ವಾದಗಳು. ಯುದ್ಧದ ಸಿದ್ಧತೆ ತಿಂಗಳುಗಟ್ಟಲೆ ಬಹಿರಂಗವಾಗಿಯೇ ನಡೆದಿತ್ತು. ಮಾರ್ಚ್ 17ರವರೆಗೆ ನಿಲುವನ್ನು ತೆರೆದಿಟ್ಟುಕೊಂಡ ಸರ್ಕಾರ, 'ಈಗ ಕರೆಸಿದರೆ ಅವರಿಗೆ ತೊಂದರೆ' ಎಂದಾಗ ಆ ತೊಂದರೆಯಲ್ಲಿ ಅದರ ಪಾಲೂ ಇತ್ತು. ಅಮೆರಿಕ ಮಾಡಿಕೊಳ್ಳುವ ವಿನಿಮಯ ಒಪ್ಪಂದಗಳಲ್ಲಿ ಸಾಮಾನ್ಯವಾಗಿಯೇ ಒಂದು ಷರತ್ತಿರುತ್ತದೆ: ಮೂರನೆಯ ದೇಶದ ಜೊತೆ ನೇರ ಕಾದಾಟ ಸಂಭವಿಸುವ ಕಡೆಗೆ ವಿನಿಮಯದವರನ್ನು ಕಳಿಸಬೇಕಾದರೆ ಅವರ ಸರ್ಕಾರದ ಒಪ್ಪಿಗೆ ಬೇಕು. ಆ ಒಪ್ಪಿಗೆ ಕೊಡುವ ಕ್ಷಣವೇ ನಿಜವಾದ ತೀರ್ಮಾನದ ಕ್ಷಣ. ಅದು ಕಚೇರಿಯ ಕಡತದಲ್ಲಿ ಸದ್ದಿಲ್ಲದೆ ಆಗಿಹೋಗುತ್ತದೆ, ಸಂಸತ್ತಿಗೆ ತಿಳಿಯುವುದು ಆಮೇಲೆ.

ಪ್ರಶ್ನೆ: ವಿನಿಮಯದ ಸೈನಿಕರಿಗೆ ತಾಯ್ನಾಡು ಹಾಕುವ 'ಆತ್ಮರಕ್ಷಣೆಗೆ ಮಾತ್ರ ಗುಂಡು ಹಾರಿಸಬಹುದು' ಎಂಬ ನಿರ್ಬಂಧ ನೆಲದ ಮೇಲೆ ಹೇಗೆ ನಡೆಯುತ್ತದೆ?

ಬಂದೂಕು ಹಿಡಿದವನ ಮಟ್ಟಿಗೆ ಸರಿಯಾಗಿಯೇ ನಡೆಯುತ್ತದೆ. ಅವನಿಗೆ ತಾಯ್ನಾಡಿನಿಂದ ಲಿಖಿತ ಸೂಚನೆ ಬರುತ್ತದೆ, ಆತಿಥೇಯ ಕಮಾಂಡರ್‌ಗೆ ಅದರ ಪ್ರತಿ ಹೋಗುತ್ತದೆ. ಕಮಾಂಡರ್ ಅವನನ್ನು ಆ ಮಿತಿಯೊಳಗಿನ ಕೆಲಸಕ್ಕೇ ಹಾಕಬೇಕು. ಮಿತಿ ದಾಟುವ ಆಜ್ಞೆ ಬಂದರೆ ಅವನು ತನ್ನ ದೇಶದ ಹಿರಿಯ ಅಧಿಕಾರಿಗೆ ಸುದ್ದಿ ಮುಟ್ಟಿಸಬೇಕು. ಒಕ್ಕೂಟದ ಮುಖ್ಯ ಕಚೇರಿಗಳಲ್ಲಿ ಇಂಥ ಹಿರಿಯನಿಗೆ 'ರೆಡ್ ಕಾರ್ಡ್' ಹಿಡಿದವನು ಎನ್ನುತ್ತಾರೆ. ಈ ಕೆಲಸಕ್ಕೆ ನಮ್ಮವರಿಲ್ಲ ಎಂದು ಹೇಳುವ ಅಧಿಕಾರ ಅವನದು. ಗುರಿಗಳ ಪಟ್ಟಿ ಬಂದಾಗ ಪಕ್ಕದಲ್ಲಿ ಕಾನೂನು ಸಲಹೆಗಾರನೂ ಇರುತ್ತಾನೆ.

ವ್ಯವಸ್ಥೆ ಕುಸಿಯುವುದು ಮೇಜಿನ ಹಿಂದೆ ಕೂತವನ ವಿಷಯದಲ್ಲಿ. ಇಂಧನದ ಲಾರಿಗಳ ವೇಳಾಪಟ್ಟಿ ಹಾಕುವವನು, ರಾಡಾರ್ ಚಿತ್ರ ಓದುವವನು, ನಾಳಿನ ದಾಳಿಯ ಯೋಜನೆಗೆ ಅನುಬಂಧ ಬರೆಯುವವನು ಒಂದು ಗುಂಡನ್ನೂ ಹಾರಿಸುವುದಿಲ್ಲ. ಆದರೆ ಒಬ್ಬ ಪದಾತಿಗಿಂತ ಯುದ್ಧಕ್ಕೆ ಅವನ ಕೊಡುಗೆ ದೊಡ್ಡದು. 'ಆತ್ಮರಕ್ಷಣೆಗೆ ಮಾತ್ರ' ಎಂಬ ನಿರ್ಬಂಧ ಅವನ ಪಿಸ್ತೂಲನ್ನು ಕಟ್ಟಿಹಾಕುತ್ತದೆ, ಪೆನ್ನನ್ನಲ್ಲ.

ವಾಲ್ಟರ್ ನಾಟಿಂಚಿಕ್ ಅವರ ಉದಾಹರಣೆ ಇದನ್ನು ಬಿಚ್ಚಿಡುತ್ತದೆ. ಕೆನಡಾದ ಈ ಜನರಲ್ ಟೆಕ್ಸಸ್‌ನ ಫೋರ್ಟ್ ಹುಡ್‌ನಲ್ಲಿ ಅಮೆರಿಕ ಸೇನೆಯ ಮೂರನೇ ಕೋರ್‌ನ (ಹಲವು ಡಿವಿಷನ್‌ಗಳು ಸೇರಿದ ದೊಡ್ಡ ಪಡೆ) ಉಪ ಕಮಾಂಡರ್ ಆಗಿ ವಿನಿಮಯದ ಮೇಲಿದ್ದರು. 2004ರ ಜನವರಿಯಲ್ಲಿ ಆ ಕೋರ್ ಇರಾಕ್‌ಗೆ ಹೊರಟಾಗ ಇವರೂ ಹೋದರು. ಮೊದಲು ಯೋಜನಾ ವಿಭಾಗ, ಆಮೇಲೆ ಬಹುರಾಷ್ಟ್ರೀಯ ಕೋರ್‌ನ ಉಪ ಕಮಾಂಡರ್ ಹುದ್ದೆ. ಅವರ ಕೈಕೆಳಗೆ 10 ಬ್ರಿಗೇಡ್‌ಗಳ 35,000ಕ್ಕೂ ಹೆಚ್ಚು ಸೈನಿಕರಿದ್ದರು ಎಂದು ಅವರಿಗೆ ಪದಕ ಕೊಟ್ಟ ಪ್ರಶಸ್ತಿಪತ್ರವೇ ಹೇಳುತ್ತದೆ. 2008ರಲ್ಲಿ ಅವರು ಕೆನಡಾದ ರಕ್ಷಣಾ ಪಡೆಗಳ ಮುಖ್ಯಸ್ಥರಾದರು. ಯುದ್ಧಕ್ಕೆ ಸೇರದ ದೇಶದ ಅಧಿಕಾರಿ ಆ ಯುದ್ಧಭೂಮಿಯ ಅತಿ ಹಿರಿಯ ಹುದ್ದೆಗಳಲ್ಲೊಂದರಲ್ಲಿದ್ದರು. ಅವರ ಸ್ವಂತ ಪಿಸ್ತೂಲಿನಿಂದ ಎಷ್ಟು ಗುಂಡು ಹೊರಟಿತು ಎಂದು ಎಣಿಸಿದರೆ ಏನು ಬಂತು?

ಸರ್ಕಾರದ ಪರವಾಗಿ ಒಂದು ಮಾತು ಹೇಳಬೇಕು. 2004ರ ಹೊತ್ತಿಗೆ ಇರಾಕ್‌ನ ಬಹುರಾಷ್ಟ್ರೀಯ ಪಡೆಗೆ ಭದ್ರತಾ ಮಂಡಳಿಯ 1511 ಮತ್ತು 1546ನೇ ನಿರ್ಣಯಗಳ ಬಲವಿತ್ತು. 2003ರ ಮಾರ್ಚ್‌ನಲ್ಲಿ ಕೆನಡಾ ಕೇಳಿದ್ದ ಬಗೆಯ ಆಧಾರ ತಡವಾಗಿಯಾದರೂ ಬಂದಿತ್ತು, ಆಕ್ರಮಣಕ್ಕಲ್ಲ, ಆಮೇಲಿನ ಪಡೆಗೆ. ಮೊದಲ ವಾರಗಳಲ್ಲಿ ಅಲ್ಲಿದ್ದ 30 ಮಂದಿಗೆ ಅದೂ ಇರಲಿಲ್ಲ.

ಪ್ರಶ್ನೆ: ಕೆನಡಾದ ಯುದ್ಧನೌಕೆಗಳೂ ಕೊಲ್ಲಿಯಲ್ಲಿದ್ದವಂತೆ. ಅವೂ ವಿನಿಮಯವೇ?

ಅಲ್ಲ. ಅವು 'ಆಪರೇಷನ್ ಅಪೋಲೊ' ಹೆಸರಿನಲ್ಲಿ, 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಭಯೋತ್ಪಾದನೆ ವಿರುದ್ಧದ ಕಾರ್ಯಾಚರಣೆಗೆ ಹೋದವು. ಕೆನಡಾದ ಕಮೋಡೋರ್ (ನೌಕಾಪಡೆಯ ಹಿರಿಯ ಅಧಿಕಾರಿ) ಒಬ್ಬರು ಅಲ್ಲಿ ಮಿತ್ರರಾಷ್ಟ್ರಗಳ ಹಡಗುಗಳ 151ನೇ ಕಾರ್ಯಪಡೆಯನ್ನು ಮುನ್ನಡೆಸುತ್ತಿದ್ದರು. ಆದರೆ ಒಂದೇ ನೀರಿನಲ್ಲಿ ಇರಾಕ್‌ನತ್ತ ಹೊರಟ ಹಡಗುಗಳೂ ಇದ್ದವು. ಬೆಂಗಾವಲು ಕೊಡುವಾಗ ಯಾವ ಹಡಗು ಯಾವ ಯುದ್ಧದ್ದು ಎಂದು ವಿಂಗಡಿಸುವುದು ಕಾಗದದ ಮೇಲೆ ಮಾತ್ರ ಸುಲಭ.

ಪ್ರಶ್ನೆ: ಇದರಿಂದ ಅಮೆರಿಕಕ್ಕೆ ಸಮಾಧಾನವಾಯಿತೇ?

ಇಲ್ಲ. ಅಮೆರಿಕದ ರಾಯಭಾರಿ ಪಾಲ್ ಸೆಲ್ಲುಚಿ ಮಾರ್ಚ್ 25ರಂದು ಟೊರಾಂಟೊದಲ್ಲಿ ಮಾತಾಡುತ್ತಾ ನಿರಾಶೆಯನ್ನು ಬಹಿರಂಗವಾಗಿ ತೋಡಿಕೊಂಡರು. ಅದೇ ಭಾಷಣದಲ್ಲಿ ಇನ್ನೊಂದು ಮಾತನ್ನೂ ಆಡಿದರು: ಯುದ್ಧವನ್ನು ಪೂರ್ತಿ ಬೆಂಬಲಿಸುತ್ತಿರುವ 46 ದೇಶಗಳಲ್ಲಿ ಬಹುಪಾಲು ದೇಶಗಳಿಗಿಂತ ಹೆಚ್ಚಿನ ನೆರವು ಪರೋಕ್ಷವಾಗಿ ಕೆನಡಾದ ಹಡಗು, ವಿಮಾನ, ಸಿಬ್ಬಂದಿಯಿಂದಲೇ ಸಿಗುತ್ತಿರುವುದು ವಿಪರ್ಯಾಸ ಎಂದು. ಒಟ್ಟಾವದ ಸರ್ಕಾರಕ್ಕೆ ಈ ಹೊಗಳಿಕೆ ಬೈಗುಳಕ್ಕಿಂತ ಹೆಚ್ಚು ಇರಿಸುಮುರಿಸಿನದು. ಬಲಪಂಥೀಯ ವಿರೋಧ ಪಕ್ಷ ಕೆನಡಿಯನ್ ಅಲಯನ್ಸ್‌ನ ನಾಯಕ ಸ್ಟೀಫನ್ ಹಾರ್ಪರ್ ಮಿತ್ರರ ಜೊತೆ ನಿಲ್ಲಲಿಲ್ಲವೆಂದು ಒಂದು ಕಡೆಯಿಂದ, ಎಡಪಂಥದವರು ಕಳ್ಳದಾರಿಯಲ್ಲಿ ಯುದ್ಧ ಸೇರಿದ್ದಾರೆಂದು ಇನ್ನೊಂದು ಕಡೆಯಿಂದ ಗುಂಡು ಹಾರಿಸುತ್ತಿದ್ದರು. ನಡುವೆ ಸಿಕ್ಕವರು ಅದೇ 30 ಸೈನಿಕರು.

ಪ್ರಶ್ನೆ: ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ಕೆನಡಾ ಯುದ್ಧದ ಪಕ್ಷಕಾರ ಆಗುತ್ತದೆಯೇ?

ವಿನಿಮಯದ ಅಧಿಕಾರಿಗಳಿದ್ದಾರೆ ಎಂಬ ಒಂದೇ ಕಾರಣಕ್ಕೆ ಆಗುವುದಿಲ್ಲ ಎಂಬುದು ಸರ್ಕಾರಗಳು ಹಿಡಿಯುವ ದಾರಿ. ಅಂತರರಾಷ್ಟ್ರೀಯ ಕಾನೂನು ಆಯೋಗ 2001ರಲ್ಲಿ ಮುಗಿಸಿದ ರಾಷ್ಟ್ರಗಳ ಹೊಣೆಗಾರಿಕೆಯ ನಿಯಮಗಳಲ್ಲಿ 6ನೇ ವಿಧಿ ಇದೆ: ಒಂದು ದೇಶ ತನ್ನ ಅಂಗವನ್ನು ಇನ್ನೊಂದು ದೇಶದ ಸುಪರ್ದಿಗೆ ಒಪ್ಪಿಸಿ, ಆ ಅಂಗ ಎರಡನೆಯ ದೇಶದ ಅಧಿಕಾರ ಚಲಾಯಿಸುತ್ತಾ ಕೆಲಸ ಮಾಡಿದರೆ, ಆ ಕೃತ್ಯ ಎರಡನೆಯ ದೇಶದ್ದು. ಆದರೆ ಇದು ನಡೆಯಬೇಕಾದರೆ ಸುಪರ್ದಿ ಪೂರ್ತಿಯಾಗಿರಬೇಕು. ರೆಡ್ ಕಾರ್ಡ್ ಕೈಯಲ್ಲಿಟ್ಟುಕೊಂಡು, ಬೇಕಾದಾಗ ತಡೆಯುವ ಹಕ್ಕು ಉಳಿಸಿಕೊಂಡರೆ 6ನೇ ವಿಧಿಯ ಆಸರೆ ಸಡಿಲವಾಗುತ್ತದೆ. ಇದೇ ಇಲ್ಲಿನ ಇಕ್ಕಟ್ಟು. ಸ್ವದೇಶದ ಸಂಸತ್ತಿಗೆ 'ನಿಯಂತ್ರಣ ನಮ್ಮ ಕೈಯಲ್ಲೇ ಇದೆ' ಎನ್ನಬೇಕು, ಹೊರಗೆ 'ಅದು ಅವರ ಕೃತ್ಯ, ನಮ್ಮದಲ್ಲ' ಎನ್ನಬೇಕು. ಎರಡನ್ನೂ ಪೂರ್ತಿ ದನಿಯಲ್ಲಿ ಒಟ್ಟಿಗೆ ಹೇಳಲಾಗದು. ಜೊತೆಗೆ 16ನೇ ವಿಧಿಯೂ ಇದೆ: ಕೃತ್ಯ ಕಾನೂನುಬಾಹಿರ ಎಂದು ಗೊತ್ತಿದ್ದೂ ನೆರವು ಕೊಟ್ಟವನಿಗೂ ಹೊಣೆಯಿದೆ.

ಪ್ರಶ್ನೆ: ತಾಯ್ನಾಡು ನಿಷೇಧಿಸಿದ ಅಸ್ತ್ರವನ್ನು ಆತಿಥೇಯ ಸೇನೆ ಬಳಸುತ್ತಿದ್ದರೆ?

ತುಂಬ ಒಳ್ಳೆಯ ಪ್ರಶ್ನೆ, ಏಕೆಂದರೆ ಇಲ್ಲಿ ಮಿತಿಗಳು ಬರಹದಲ್ಲಿವೆ. ವ್ಯಕ್ತಿಗಳ ವಿರುದ್ಧದ ನೆಲಬಾಂಬ್ ನಿಷೇಧದ 1997ರ ಒಟ್ಟಾವ ಒಪ್ಪಂದಕ್ಕೆ ಕೆನಡಾ ಸೇರಿದೆ, ಅಮೆರಿಕ ಸೇರಿಲ್ಲ. ಒಪ್ಪಂದಕ್ಕೆ ಸೇರದ ದೇಶದೊಂದಿಗೆ ಜಂಟಿ ಕಾರ್ಯಾಚರಣೆಯಲ್ಲಿ ಇರುವುದಷ್ಟೇ ಉಲ್ಲಂಘನೆಯಲ್ಲ, ನಿಷಿದ್ಧ ಕೆಲಸಕ್ಕೆ ಸಕ್ರಿಯವಾಗಿ ಕೈಹಾಕುವುದು ಉಲ್ಲಂಘನೆ ಎಂಬುದು ಕೆನಡಾದ ವ್ಯಾಖ್ಯಾನ. ನೆಲಬಾಂಬ್ ಹೂಳುವ ಯೋಜನೆ ಮೇಜಿಗೆ ಬಂದರೆ ಕೆನಡಾದ ಅಧಿಕಾರಿ ಅದನ್ನು ಪಕ್ಕದವನಿಗೆ ದಾಟಿಸಬೇಕು.

ಗೊಂಚಲು ಬಾಂಬುಗಳ (ಒಡೆದು ಹಲವು ಚಿಕ್ಕ ಬಾಂಬುಗಳನ್ನು ಚೆಲ್ಲುವ ಕ್ಲಸ್ಟರ್ ಬಾಂಬ್) ವಿಷಯದಲ್ಲಿ ಜಗಳ ಜೋರಾಯಿತು. ಅವುಗಳನ್ನು ನಿಷೇಧಿಸುವ 2008ರ ಒಪ್ಪಂದದ 21ನೇ ವಿಧಿ, ಸೇರದ ದೇಶಗಳ ಜೊತೆಗಿನ ಸೈನಿಕ ಸಹಕಾರಕ್ಕೆ ಅವಕಾಶ ಕೊಡುತ್ತದೆ. ಅದನ್ನು ಜಾರಿಗೆ ತರುವ ಕೆನಡಾದ ಕಾಯ್ದೆಯ 11ನೇ ಕಲಂ ವಿನಿಮಯದಲ್ಲಿರುವವರಿಗೆ ಉದಾರವಾಗಿ ವಿನಾಯಿತಿ ಕೊಟ್ಟಿತು. ಮೊದಲ ಕರಡಿನಲ್ಲಿ ಅವರು ಸ್ವತಃ ಆ ಬಾಂಬ್ ಬಳಸುವುದಕ್ಕೂ ವಿನಾಯಿತಿಯಿತ್ತು. ಕೆನಡಾದ ಪರವಾಗಿ ಸಂಧಾನ ಮಾಡಿದ್ದ ಅರ್ಲ್ ಟರ್ಕಾಟ್ ಸರ್ಕಾರದ ಧೋರಣೆ ವಿರೋಧಿಸಿ ರಾಜೀನಾಮೆ ಕೊಟ್ಟರು. ಕೊನೆಗೆ ಸ್ವತಃ ಬಳಸುವ ಮಾತನ್ನು ಸಮಿತಿಯಲ್ಲಿ ಕಿತ್ತುಹಾಕಿದರು, ಉಳಿದದ್ದು ಉಳಿಯಿತು. 2015ರಲ್ಲಿ ಕೆನಡಾ ಒಪ್ಪಂದವನ್ನು ಅನುಮೋದಿಸಿತು.

ಪ್ರಶ್ನೆ: ಬೇರೆ ದೇಶಗಳ ಸಂಸತ್ತುಗಳು ಇದನ್ನು ಹೇಗೆ ನಿಭಾಯಿಸಿವೆ?

ಬ್ರಿಟನ್ ಒಂದು ಪಾಠ, ಜರ್ಮನಿ ಇನ್ನೊಂದು.

2014ರ ಸೆಪ್ಟೆಂಬರ್ 26ರಂದು ಬ್ರಿಟಿಷ್ ಕಾಮನ್ಸ್ ಇರಾಕ್‌ನಲ್ಲಿ ಐಸಿಸ್ ವಿರುದ್ಧ ವಾಯುದಾಳಿಗೆ 524–43 ಮತಗಳಿಂದ ಒಪ್ಪಿಗೆ ಕೊಟ್ಟಿತು. ಸಿರಿಯಾದಲ್ಲಿ ದಾಳಿಗೆ ಈ ನಿರ್ಣಯದ ಸಮ್ಮತಿಯಿಲ್ಲ, ಅದಕ್ಕೆ ಬೇರೆ ಮತದಾನ ಬೇಕು ಎಂದು ನಿರ್ಣಯದಲ್ಲೇ ಬರೆದಿತ್ತು. 2015ರ ಜುಲೈನಲ್ಲಿ, ಮಾಹಿತಿ ಹಕ್ಕಿನಡಿ ಕೇಳಿದ ಪ್ರಶ್ನೆಯೊಂದಕ್ಕೆ ಬಂದ ಉತ್ತರದಿಂದ ನಿಜ ಹೊರಬಿತ್ತು: ಅಮೆರಿಕ ಮತ್ತು ಕೆನಡಾ ಪಡೆಗಳಲ್ಲಿದ್ದ ಬ್ರಿಟಿಷ್ ಸಿಬ್ಬಂದಿ ಸಿರಿಯಾ ಕಾರ್ಯಾಚರಣೆಯಲ್ಲಿದ್ದರು, ಪೈಲಟ್‌ಗಳು ದಾಳಿಯನ್ನೂ ಮಾಡಿದ್ದರು. ರಕ್ಷಣಾ ಮಂತ್ರಿ ಮೈಕಲ್ ಫ್ಯಾಲನ್ ಜುಲೈ 20ರಂದು ಸದನದಲ್ಲಿ ಸಮರ್ಥಿಸಿಕೊಂಡರು: ವಿನಿಮಯ ದಶಕಗಳಷ್ಟು ಹಳೆಯ ಪದ್ಧತಿ, ಅವರು ಆತಿಥೇಯರ ಕಮಾಂಡ್‌ನಲ್ಲಿರುತ್ತಾರೆ, ಇದು ಬ್ರಿಟನ್ನಿನ ಕಾರ್ಯಾಚರಣೆಯಲ್ಲ. 2003ರ ಒಟ್ಟಾವದ ವಾದವೇ, ಆದರೆ ಒಂದು ವ್ಯತ್ಯಾಸವಿದೆ. ಕೆನಡಾ ಇದನ್ನು ಅಂದೇ ಸದನದಲ್ಲಿ ಒಪ್ಪಿಕೊಂಡಿತ್ತು, ಬ್ರಿಟನ್ ಸಿಕ್ಕಿಬಿದ್ದಿತು. ಸಂಸದರ ಸಿಟ್ಟು ಬಾಂಬಿಗಿಂತ ಹೆಚ್ಚಾಗಿ ಮೌನದ ಮೇಲಿತ್ತು. ಆಮೇಲೆ ಸರ್ಕಾರ, ಹೀಗೆ ಬೇರೆ ಸೇನೆಗಳಲ್ಲಿರುವವರ ವಿವರವನ್ನು ವರ್ಷಕ್ಕೊಮ್ಮೆ ಸಂಸತ್ತಿಗೆ ಕೊಡಲು ಒಪ್ಪಿತು.

ಜರ್ಮನಿಯಲ್ಲಿ ವಿಷಯ ನ್ಯಾಯಾಲಯಕ್ಕೆ ಹೋಯಿತು. 2003ರ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ನ್ಯಾಟೊದ ಅವಾಕ್ಸ್ ವಿಮಾನಗಳು ಟರ್ಕಿಯ ಆಕಾಶ ಕಾಯುತ್ತಿದ್ದವು. ಆ ಪಡೆಯಲ್ಲಿ ಸುಮಾರು ಮೂರನೇ ಒಂದು ಪಾಲು ಜರ್ಮನರು. ಇದು ಮಿತ್ರರಾಷ್ಟ್ರದ ಮೇಲಿನ ಮಾಮೂಲಿ ಹಾರಾಟ, ಸಂಸತ್ತಿನ ಒಪ್ಪಿಗೆ ಬೇಡ ಎಂದರು ಚಾನ್ಸಲರ್ ಶ್ರೋಡರ್ ಸರ್ಕಾರದವರು. ವಿರೋಧ ಪಕ್ಷವಾದ ಎಫ್‌ಡಿಪಿ ಕಾರ್ಲ್ಸ್‌ರೂಹೆಯ ಸಂವಿಧಾನ ನ್ಯಾಯಾಲಯದ ಮೆಟ್ಟಿಲೇರಿತು. ಮಾರ್ಚ್ 25ರಂದು ತಡೆಯಾಜ್ಞೆ ಸಿಗಲಿಲ್ಲ. ಆದರೆ 2008ರ ಮೇ 7ರ ಅಂತಿಮ ತೀರ್ಪು, ಸಶಸ್ತ್ರ ಸಂಘರ್ಷಕ್ಕೆ ಸಿಲುಕುವ ನಿರ್ದಿಷ್ಟ ಸಾಧ್ಯತೆ ಇದ್ದಾಗ ಸಂಸತ್ತಿನ ಒಪ್ಪಿಗೆ ಕಡ್ಡಾಯ, ಸರ್ಕಾರ ತಪ್ಪಿತು ಎಂದಿತು. ರಾಡಾರ್ ಪರದೆಯ ಮುಂದೆ ಕೂತವನಿಗೆ ಟ್ರಿಗರ್ ಇಲ್ಲ ಎಂಬ ಸಮಾಧಾನವನ್ನು ನ್ಯಾಯಾಲಯ ಒಪ್ಪಲಿಲ್ಲ. ಈ ವಿಷಯದಲ್ಲಿ ಇದಕ್ಕಿಂತ ಖಚಿತವಾದ ತೀರ್ಪು ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ತೀರ್ಪು ಬರುವ ಹೊತ್ತಿಗೆ ವಿಮಾನಗಳು ಇಳಿದು ಐದು ವರ್ಷವಾಗಿತ್ತು, ಆ ಮಾತು ಬೇರೆ.

ಪ್ರಶ್ನೆ: ಇಂಥ ಅಧಿಕಾರಿ ಸೆರೆಸಿಕ್ಕರೆ ಯಾವ ದೇಶದ ಕೈದಿ?

ಸೆರೆಹಿಡಿದವನ ಕಣ್ಣಿಗೆ ಅವನು ಆತಿಥೇಯ ಪಡೆಯ ಭಾಗ. 1949ರ ಮೂರನೇ ಜಿನೀವಾ ಒಡಂಬಡಿಕೆಯಡಿ ಯುದ್ಧಕೈದಿಯ ರಕ್ಷಣೆ ಸಿಗಬೇಕು. ಅವನ ಸ್ಥಾನಮಾನದ ಬಗ್ಗೆ ಸಂಶಯ ಬಂದರೆ, ನ್ಯಾಯಮಂಡಳಿ ತೀರ್ಮಾನಿಸುವವರೆಗೂ 5ನೇ ವಿಧಿಯ ಪ್ರಕಾರ ಅದೇ ರಕ್ಷಣೆ. ಹೆಸರು, ದರ್ಜೆ, ಹುಟ್ಟಿದ ದಿನ, ಸೇವಾ ಸಂಖ್ಯೆ ಇಷ್ಟು ಹೇಳಿದರೆ ಸಾಕು.

ಪ್ರಶ್ನೆ: ಸೈನಿಕನೇ 'ಈ ಯುದ್ಧ ನನಗೆ ಬೇಡ' ಎನ್ನಬಹುದೇ?

ವಿನಿಮಯದ ಹುದ್ದೆಯಿಂದ ಬಿಡುಗಡೆ ಕೇಳಬಹುದು. ಕೊಡುವುದು ಬಿಡುವುದು ತಾಯ್ನಾಡಿನ ಮೇಲಧಿಕಾರಿಗಳಿಗೆ ಬಿಟ್ಟದ್ದು. ಕೇಳಿದವನ ಮುಂದಿನ ಬಡ್ತಿಯ ಮೇಲೆ ಅದರ ನೆರಳು ಬೀಳುವುದೂ ಉಂಟು. ಆಜ್ಞೆಯನ್ನೇ ಧಿಕ್ಕರಿಸಿದರೆ ಶಿಸ್ತುಕ್ರಮ ಖಚಿತ. ಜರ್ಮನಿಯ ಮೇಜರ್ ಒಬ್ಬರು, ಇರಾಕ್ ಯುದ್ಧಕ್ಕೆ ನೆರವಾಗಬಹುದೆಂಬ ಕಾರಣಕ್ಕೆ, 2003ರಲ್ಲಿ ಸೇನೆಯ ಸಾಫ್ಟ್‌ವೇರ್ ಯೋಜನೆಯೊಂದರಲ್ಲಿ ಕೆಲಸ ಮಾಡಲು ನಿರಾಕರಿಸಿದರು. ಅವರು ವಿನಿಮಯದಲ್ಲಿರಲಿಲ್ಲ, ಸ್ವದೇಶದಲ್ಲೇ ಇದ್ದರು. ಕೆಳಗಿನ ಹಂತದಲ್ಲಿ ಅವರಿಗೆ ಹಿಂಬಡ್ತಿಯ ಶಿಕ್ಷೆಯಾಯಿತು. 2005ರ ಜೂನ್ 21ರಂದು ಲೈಪ್ಜಿಗ್‌ನ ಒಕ್ಕೂಟ ಆಡಳಿತ ನ್ಯಾಯಾಲಯ ಅಂತಃಸಾಕ್ಷಿಯ ಸ್ವಾತಂತ್ರ್ಯದ ಆಧಾರದ ಮೇಲೆ ಅವರನ್ನು ಖುಲಾಸೆ ಮಾಡಿತು. ಅವರ ಸರ್ಕಾರವೂ ಆ ಯುದ್ಧಕ್ಕೆ ಸೇರುವುದಿಲ್ಲ ಎಂದೇ ಹೇಳಿತ್ತು.